ಲಸಿಕೆಯ ವದಂತಿಯೂ ಸತ್ಯಾಣುವ್ರತವೂ

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕದ ಶಾಲೆಗಳಿಗೆ ಬಂದಾಗ ವಾಟ್ಸ್‌ಆ್ಯಪ್ ವದಂತಿಗಳೂ ಹಿಂದೆಯೇ ಬಂದವು. ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ಇನ್ನೂ ಹಳೆಯದು. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಂಡನ್ನಿನ ವೈದ್ಯ ವೇಕ್‌ಫೀಲ್ಡ್ ಮತ್ತಿತರರು 12 ಮಕ್ಕಳನ್ನಷ್ಟೇ ನೋಡಿ ಬರೆದ ಲೇಖನದಿಂದ ಹುಟ್ಟಿದ್ದು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ವಂಚನೆಯೆಂದಿತು.

ಇದಕ್ಕೂ ಅನೇಕಾಂತವನ್ನು ಎಳೆತರುವವರುಂಟು. ಅನೇಕಾಂತವು ಸತ್ಯದ ಹಲವು ಮುಖಗಳನ್ನು ಕುರಿತದ್ದು. ಸುಳ್ಳಿಗೆ ಪೀಠ ಹಾಕುವುದಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖವನ್ನೂ ಎಣಿಸಿದೆ. ಕೂಟಲೇಖವು ಲಂಡನ್ನಿನಲ್ಲಾಯಿತು. ಮಿಥ್ಯೋಪದೇಶವಾದರೋ ಹಾಸನದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ, ಸಂದೇಶವನ್ನು ಮುಂದಕ್ಕೆ ಕಳಿಸುವ ಶ್ರಾವಕನ ಬೆರಳಿನಿಂದಲೇ ಆದೀತು.

ಎರಡನೆಯ ಚುಚ್ಚುಮದ್ದಿನ ವಯಸ್ಸಿನಲ್ಲೇ ಮಗುವಿಗೆ ಮಾತು ಬಾರದಿರುವುದು ಕಣ್ಣಿಗೆ ಬೀಳುವುದರಿಂದ ತಾಯಿಯ ಶಂಕೆ ಸಹಜ. ಆದರೆ ಒಂಬತ್ತು ತಿಂಗಳು ತುಂಬದ ನೆರೆಮನೆಯ ಕೂಸಿಗೆ ಈ ಲಸಿಕೆ ಇನ್ನೂ ಸಿಕ್ಕಿರುವುದಿಲ್ಲ. ಸುತ್ತಲಿನ ಮಕ್ಕಳು ಹಾಕಿಸಿಕೊಳ್ಳದಿದ್ದರೆ ದಡಾರವು ಅದನ್ನೂ ಬಿಡದು.