ಸರದಿಯಲ್ಲಿ ಇವರಿಗೆ ಆದ್ಯತೆ ಸಿಗಲಿ



ಸ್ಕಂದಗಿರಿ ತಪ್ಪಲಿನ ನಮ್ಮೂರಿನಿಂದ, ಬೌದ್ಧಿಕ ಅಂಗವೈಕಲ್ಯವಿರುವ ತಮ್ಮನನ್ನು ಹಲ್ಲುನೋವಿಗೆಂದು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಎರಡು ಗಂಟೆ ಸಾಲಿನಲ್ಲಿ ನಿಂತವನು ಗದ್ದಲಕ್ಕೆ ಬೆದರಿ ಕಿವಿ ಮುಚ್ಚಿಕೊಂಡ. ವೈದ್ಯರು ಅವನತ್ತ ತಿರುಗದೆ ಎಲ್ಲವನ್ನೂ ನನ್ನನ್ನೇ ಕೇಳಿದರು. ಅವನನ್ನೇ ಕೇಳಿದ್ದರೆ ನೋವಿನ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಇಂಥವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೋರಿಸಿದರೆ ಪ್ರತ್ಯೇಕ ಸರದಿ, ನೋವು ಗುರುತಿಸಲು ಚಿತ್ರಫಲಕ, ಐದು ನಿಮಿಷ ಹೆಚ್ಚು ತಾಳ್ಮೆ ಇಷ್ಟು ಸಾಕು. ನ್ಯಾಷನಲ್ ಟ್ರಸ್ಟ್‌ನ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯ ಬಗ್ಗೆ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಿಳಿಸಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ದಯವಿಟ್ಟು ಗಮನಿಸಬೇಕು.

– ನೊಂದ ಅಕ್ಕ, ಚಿಕ್ಕಬಳ್ಳಾಪುರ ತಾಲ್ಲೂಕು