ನನ್ನ ಶೀಟಿನಲ್ಲಿ ಇಲ್ಲದ ಕಾಲಮ್ಮು

ತಂಗಿಯ ಬ್ಲಡ್ ರಿಪೋರ್ಟು ವಾಟ್ಸಾಪಿಗೆ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಬಿಳಿರಕ್ತಕಣ 1,80,000. ಇರಬೇಕಾದದ್ದು ಹೆಚ್ಚೆಂದರೆ 11,000. ಲ್ಯಾಬಿನವರು ಒಂದು ಸೊನ್ನೆ ಜಾಸ್ತಿ ಹಾಕಿರ್ತಾರೆ ಅಂದ್ಕೊಂಡೆ. ಅವಳು ತುಮಕೂರಿನಲ್ಲಿ ಟೀಚರ್. ಮೂರು ತಿಂಗಳಿಂದ ಸುಸ್ತು, ಹೊಟ್ಟೆಯ ಎಡಗಡೆ ಭಾರ ಅಂತಿದ್ಲು. ದಿನವಿಡೀ ನಿಂತು ಪಾಠ ಮಾಡ್ತಾಳಲ್ಲ, ಅದಕ್ಕೇ ಅಂತ ನಾವೆಲ್ಲ ಸುಮ್ಮನಿದ್ವಿ. ಭಾರ ಇದ್ದದ್ದು ಊದಿಕೊಂಡ ಗುಲ್ಮ.

ಕಾಯಿಲೆಯ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಸಿಎಂಎಲ್. ಮೂಳೆಮಜ್ಜೆಯ ಯಾವುದೋ ಒಂದು ಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತಮ್ಮ ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಅಲ್ಲಿ ಹುಟ್ಟುವ ಹೊಸ ಜೀನು 'ಬೆಳೀರಿ, ಬೆಳೀರಿ' ಅಂತ ಹೇಳ್ತಾನೇ ಇರುತ್ತೆ. ಇದು ವಂಶದಿಂದ ಬರೋದಲ್ಲ ಅಂತ ಡಾಕ್ಟರು ಹೇಳಿದ ಮೇಲೂ ಅಮ್ಮ, 'ಬಸುರಿಯಲ್ಲಿ ನಾನೇನಾದ್ರೂ ತಿಂದಿದ್ನೇನೋ' ಅಂತ ಎರಡು ದಿನ ಅತ್ತಳು.

ನನ್ನ ತಲೇಲಿ ಇದ್ದದ್ದು ಒಂದೇ: ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್. ಸಿನಿಮಾದಲ್ಲಿ ನೋಡಿದ್ದು. ಅಣ್ಣ ಮಜ್ಜೆ ಕೊಡ್ತಾನೆ, ತಂಗಿ ಉಳೀತಾಳೆ. 'ನನ್ನದು ತಗೊಳ್ಳಿ ಡಾಕ್ಟ್ರೇ' ಅಂದೇಬಿಟ್ಟೆ. ಅವರು ನಗಲಿಲ್ಲ. ಒಡಹುಟ್ಟಿದವರದ್ದು ಪೂರ್ತಿ ಹೊಂದುವ ಸಾಧ್ಯತೆಯೇ ನಾಲ್ಕರಲ್ಲಿ ಒಂದು, ಹೊಂದಿದರೂ ಟ್ರಾನ್ಸ್‌ಪ್ಲಾಂಟೇ ಜೀವಕ್ಕೆ ಅಪಾಯ ತರಬಹುದು ಅಂದ್ರು. ಈ ಹಂತದಲ್ಲಿ ಅದು ಬೇಡ, ಮಾತ್ರೆಗಳು ಕೈಕೊಟ್ಟರೆ ಮಾತ್ರ ಆ ದಾರಿ. ಸಮಾಧಾನ ಆಗಬೇಕಿತ್ತು. ನನಗೆ ಒಂಥರಾ ನಿರಾಸೆ ಆಯ್ತು, ನಿಜ ಹೇಳ್ತೀನಿ.

ಆಮೇಲೆ ಐಟಿಯವರು ಏನು ಮಾಡ್ತೀವೋ ಅದನ್ನೇ ಮಾಡಿದೆ. ಎಕ್ಸೆಲ್ ಶೀಟು. ಇಮಾಟಿನಿಬ್, ನಿಲೋಟಿನಿಬ್, ಡಾಸಾಟಿನಿಬ್ ಮೂರು ಸಾಲು. ಖರ್ಚು, ಅಡ್ಡಪರಿಣಾಮ, ಬಳಕೆಗೆ ಬಂದು ಎಷ್ಟು ವರ್ಷ, ಎಷ್ಟು ಜನ ಉಳೀತಾರೆ ಅನ್ನೋ ಕಾಲಮ್ಮುಗಳು. ನಿಲೋಟಿನಿಬ್ ಬೇಗನೇ ಬಿಟ್ಟುಹೋಯ್ತು. ಅದು ಶುಗರ್ ಏರಿಸಬಹುದು, ರಕ್ತನಾಳಗಳಿಗೆ ತೊಂದರೆ ಕೊಡಬಹುದು. ನಮ್ಮಪ್ಪನಿಗೆ ಎರಡೂ ಇತ್ತು, ತಂಗಿಯ ಶುಗರೂ ಈಗಾಗಲೇ ಗಡಿಯಲ್ಲಿದೆ. ಸಾಲದ್ದಕ್ಕೆ ದಿನಕ್ಕೆರಡು ಸಲ ಖಾಲಿಹೊಟ್ಟೆಯಲ್ಲಿ ನುಂಗಬೇಕು.

ನನ್ನ ವೋಟು ಇಮಾಟಿನಿಬ್‌ಗೆ. 2001ರಿಂದ ಬಳಕೆಯಲ್ಲಿದೆ, ಅದರ ಗುಣ-ಅವಗುಣ ಎಲ್ಲ ಗೊತ್ತಿದೆ. ಕಣ್ಣಿನ ಸುತ್ತ ಊತ, ಕಾಲು ಸೆಳೆತ, ವಾಕರಿಕೆ, ಇಷ್ಟೇ ಹೆಚ್ಚಾಗಿ. ಒಂದು ಕಾಲದಲ್ಲಿ ಬ್ರ್ಯಾಂಡೆಡ್ ಮಾತ್ರೆಗೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಗ್ಲಿವೆಕ್ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದಲ್ಲಿ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಆ ತೀರ್ಪಿನ ಸುದ್ದಿಯನ್ನು ಅವತ್ತು ಸ್ಕ್ರಾಲ್ ಮಾಡಿ ದಾಟಿಸಿದ್ದೆ ಅನ್ನಿಸುತ್ತೆ.

ಶೀಟನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವಳ ಗಂಡ ತಲೆಯಾಡಿಸಿದರು. ತಂಗಿ ಎಲ್ಲಾ ನೋಡಿ ಕೇಳಿದ್ಲು: 'ಅಣ್ಣ, ಇದರಲ್ಲಿ ಮಗು ಎಲ್ಲಿದೆ?'

ಅವಳಿಗೆ ಇಪ್ಪತ್ತೊಂಬತ್ತು. ಮದುವೆಯಾಗಿ ಎರಡು ವರ್ಷ.

ಮುಂದಿನ ಸಲ ಡಾಕ್ಟರ ಹತ್ತಿರ ಅವಳೇ ಮಾತಾಡಿದ್ಲು. ನಾನು ಕೇಳದ ಪ್ರಶ್ನೆಗಳು. ಈ ಮಾತ್ರೆ ತಗೊಳ್ಳುವಾಗ ಗರ್ಭ ಧರಿಸಬಾರದು, ಮೂರರಲ್ಲಿ ಯಾವುದಾದರೂ ಸರಿ. ಆದರೆ ಕೆಲವು ವರ್ಷ ಮಾತ್ರೆ ನುಂಗಿ, ರಕ್ತದಲ್ಲಿ ಕಾಯಿಲೆಯ ಗುರುತು ಹೆಚ್ಚುಕಮ್ಮಿ ಸಿಗದಷ್ಟು ಇಳಿದು, ಹಾಗೇ ಎರಡು ವರ್ಷವಾದರೂ ನಿಂತರೆ, ಡಾಕ್ಟರ ಕಣ್ಗಾವಲಲ್ಲಿ ನಿಲ್ಲಿಸಿ ನೋಡಬಹುದು. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ಕಾಯಿಲೆ ಮರಳೋದಿಲ್ಲ. ಮರಳಿದರೆ ಮತ್ತೆ ಮಾತ್ರೆ. ಬಹುತೇಕ ಎಲ್ಲರಿಗೂ ಹತೋಟಿಗೆ ಬರುತ್ತೆ. ಡಾಸಾಟಿನಿಬ್‌ನಲ್ಲಿ ಆ ಆಳದ ಮಟ್ಟವನ್ನು ಹೆಚ್ಚು ಜನ, ಬೇಗ ಮುಟ್ಟುತ್ತಾರೆ. ಆದರೆ ಒಟ್ಟು ಆಯಸ್ಸು ಲೆಕ್ಕ ಹಾಕಿದರೆ ಇಮಾಟಿನಿಬ್‌ಗಿಂತ ಹೆಚ್ಚೇನೂ ಸಿಗಲ್ಲ. ಶ್ವಾಸಕೋಶದ ಸುತ್ತ ನೀರು ತುಂಬುವ ಅಪಾಯವೂ ಇದೆ.

ನಾನು ಅದನ್ನೇ ಹಿಡಿದೆ. 'ಆಯಸ್ಸು ಒಂದೇ ಅಂದ್ಮೇಲೆ ಸುಮ್ಮನೆ ಯಾಕೆ ರಿಸ್ಕು?' ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಆರೋವರೆಗೂ ವಾದ ಮಾಡಿದ್ವಿ. ಕೊನೆಗೆ ಅವಳಂದ್ಲು, 'ನೀನು ನಾನು ಸಾಯ್ತೀನಾ ಅಂತ ಲೆಕ್ಕ ಹಾಕ್ತಿದೀಯ. ನಾನು ಮೂವತ್ತೈದರ ಹೊತ್ತಿಗೆ ಏನಾಗಿರ್ತೀನಿ ಅಂತ ನೋಡ್ತಿದೀನಿ.' ನನಗೆ ಸಿಟ್ಟು ಬಂತು. ಅವಳ ಮೇಲಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯ್ತು.

ಡಾಸಾಟಿನಿಬ್ ಶುರುವಾಯ್ತು. ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ. ಇದರ ಜೊತೆ ಗ್ಯಾಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬಾರದು, ಔಷಧಿ ಸರಿಯಾಗಿ ಹೀರಿಕೊಳ್ಳಲ್ಲ. ಮನೆಯಲ್ಲಿ ಎಲ್ಲದಕ್ಕೂ ಗ್ಯಾಸ್ ಮಾತ್ರೆ ಕೊಡುವ ನಮ್ಮಮ್ಮನಿಗೆ ಅದನ್ನು ಒಪ್ಪಿಸೋದೇ ದೊಡ್ಡ ಕೆಲಸ. ಎರಡನೇ ತಿಂಗಳು ಮೆಟ್ಟಿಲು ಹತ್ತುವಾಗ ಉಬ್ಬಸ ಅಂದ್ಲು. ಎಕ್ಸ್‌ರೇ ಬರೋವರೆಗೆ ನನ್ನ ಬಾಯಲ್ಲಿ 'ನಾನು ಹೇಳಿದ್ದೆ' ಅನ್ನೋ ಮಾತು ಸಿದ್ಧವಾಗಿ ಕೂತಿತ್ತು. ನೀರಿರಲಿಲ್ಲ. ಬರೀ ಕೆಮ್ಮು, ನೆಗಡಿ. ನುಂಗಿಕೊಂಡೆ.

ಮೂರು ತಿಂಗಳ ಟೆಸ್ಟಿನಲ್ಲಿ ಬಿಸಿಆರ್-ಎಬಿಎಲ್ ಶೇ 10ಕ್ಕಿಂತ ಕೆಳಗಿರಬೇಕು. ಹೋದ ವಾರ ರಿಪೋರ್ಟು ಬಂತು: ಶೇ 2.4. ವಾಟ್ಸಾಪಿನಲ್ಲಿ ಫೋಟೋ, ಕೆಳಗೆ ಒಂದು ಸಾಲು. 'ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಮಾತ್ರೆ ತಗೊಂಡ್ಯಾ ಅಂತ ಕೇಳೋದು ಇನ್ಮೇಲೆ ನಿಲ್ಸು. ನನ್ನ ಹತ್ರ ಅಲಾರಂ ಇದೆ.'

ಅವತ್ತು ಒಂಬತ್ತೂಕಾಲಿಗೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿದೆ.