ನುಡಿ ನಡೆಯಾಗುವ ಬಗೆ

ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಿಂದ ಕಾರ್ಕಳದ ದಾರಿ ಕವಲೊಡೆಯುವ ಎಡೆಯಲ್ಲಿ, ಪಶ್ಚಿಮ ಸಮುದ್ರದ ಮಗ್ಗುಲಲ್ಲಿರುವ ಊರು ಪಡುಬಿದ್ರಿ. ಈ ಊರಿನ ಬ್ರಹ್ಮಸ್ಥಾನವು ನಾಡಿನ ಇತರ ದೇವಸ್ಥಾನಗಳಂತಲ್ಲ. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಮರಬಳ್ಳಿಗಳ ನೆರಳೇ ಛಾವಣಿ, ಮರಳೇ ನೆಲ. ಎರಡು ವರ್ಷಗಳಿಗೊಮ್ಮೆ ಢಕ್ಕೆಬಲಿಯ ಸೇವೆಗಳು ನಡೆಯುವಾಗ ಅಲ್ಲಿ ಸಹಸ್ರಾರು ಜನ ನೆರೆಯುತ್ತಾರೆ. ಆದರೂ ಆ ಬನದ ಒಂದು ಕಡ್ಡಿಯನ್ನು ಮುರಿಯಲು ಭಕ್ತನ ಕೈ ಅಂಜುತ್ತದೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಆ ಊರಿನವರು ಯಾವ ಫಲಕವನ್ನೂ ಓದಿ ತಿಳಿಯಬೇಕಾಗಿಲ್ಲ. ತಾಯಿಯ ಸೆರಗು ಹಿಡಿದು ಮೊದಲ ಬಾರಿಗೆ ಅಲ್ಲಿಗೆ ಬಂದ ಮಗು ಅದನ್ನು ಅಂದೇ ಕಲಿತುಬಿಡುತ್ತದೆ.

ಅದೇ ಊರಿನ ಕಡಲ ಕಿನಾರೆಗೆ ಬಂದರೆ ನೋಟ ಬೇರೆ. ಪಡುಬಿದ್ರಿಯ ಕಿನಾರೆಗೆ 2020ರಲ್ಲಿ 'ನೀಲಿ ಧ್ವಜ'ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಶುದ್ಧತೆ, ಕಸದ ವಿಲೇವಾರಿ, ಸ್ನಾನಕ್ಕಿಳಿದವರ ಸುರಕ್ಷತೆ, ಪರಿಸರ ಶಿಕ್ಷಣ ಮೊದಲಾದ 33 ಮಾನದಂಡಗಳನ್ನು ಪೂರೈಸಿದ ತೀರಗಳಿಗೆ ಮಾತ್ರ ಈ ಧ್ವಜ ಸಲ್ಲುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಸೂಚನಾ ಫಲಕಗಳು ಬೇಕು, ಕಸದ ಬುಟ್ಟಿಗಳು ಬೇಕು, ಕಾವಲಿನವರು ಬೇಕು. ಬನದಲ್ಲಿ ಕಡ್ಡಿ ಮುರಿಯಲು ಅಂಜುವ ಕೈಯೇ ಕಡಲ ಮರಳಿನ ಮೇಲೆ ಪ್ಲಾಸ್ಟಿಕ್ ಚೀಲವನ್ನು ಎಸೆಯಲು ಹಿಂಜರಿಯುವುದಿಲ್ಲ. ಒಂದೇ ಊರು, ಒಂದೇ ಮರಳು, ಒಂದೇ ಕೈ. ಹಾಗಾದರೆ ವ್ಯತ್ಯಾಸವೆಲ್ಲಿದೆ?

ವ್ಯತ್ಯಾಸವಿರುವುದು ತಿಳಿವಳಿಕೆಗೂ ರೂಢಿಗೂ ನಡುವೆ. ಕಸ ಎಸೆಯಬಾರದೆಂಬುದು ತಿಳಿವಳಿಕೆ. ಬನದ ಕಡ್ಡಿ ಮುರಿಯಬಾರದೆಂಬುದು ರೂಢಿ. ತಿಳಿವಳಿಕೆ ತಲೆಯಲ್ಲಿರುತ್ತದೆ, ರೂಢಿ ಕೈಕಾಲುಗಳಲ್ಲಿರುತ್ತದೆ. ತಂಬಾಕು ಕ್ಯಾನ್ಸರಿಗೆ ಕಾರಣವೆಂಬ ಎಚ್ಚರಿಕೆಯು 2016ರಿಂದ ಬೀಡಿ ಸಿಗರೇಟುಗಳ ಪೊಟ್ಟಣದ ಮೇಲೆ ಶೇಕಡಾ 85 ಭಾಗವನ್ನು ಆವರಿಸಿಕೊಂಡಿದೆ. ಆ ಚಿತ್ರವನ್ನು ದಿನವೂ ಕಾಣುವವನೇ ಅದೇ ಪೊಟ್ಟಣದಿಂದ ಮತ್ತೊಂದು ಸಿಗರೇಟನ್ನು ತೆಗೆಯುತ್ತಾನೆ. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕೆಂಬುದನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಗಳಿಸಿದ ವಿದ್ಯಾರ್ಥಿಯೂ ಹಸಿವಿನ ಭರದಲ್ಲಿ ಅದನ್ನು ಮರೆಯುತ್ತಾನೆ. ಆದುದರಿಂದ ಜನರ ಆರೋಗ್ಯವನ್ನು ಕಾಪಾಡಲು ಹೊರಟವರು 'ಜನರಿಗೆ ಹೇಳಿದ್ದಾಯಿತು' ಎಂದು ಕೈತೊಳೆದುಕೊಳ್ಳುವಂತಿಲ್ಲ. ಹೇಳಿದ ಮಾತು ನಡೆಯಾಗಿ ಮಾರ್ಪಡುವ ಬಗೆ ಯಾವುದೆಂಬುದನ್ನು ಅವರು ಅರಿಯಬೇಕು.

ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಪಡುಬಿದ್ರಿಯಿಂದ ಉತ್ತರಕ್ಕೆ ಅದೇ ಹೆದ್ದಾರಿಯಲ್ಲಿ ಸಾಗಿದರೆ ಕಾಪು ಸಿಗುತ್ತದೆ. ಅಲ್ಲಿನ ಮಾರಿಗುಡಿಗಳೂ ಸುಗ್ಗಿಮಾರಿ ಪೂಜೆಯೂ ಕರಾವಳಿಯಲ್ಲೆಲ್ಲ ಪ್ರಸಿದ್ಧ. ಹಿಂದಿನ ಕಾಲದಲ್ಲಿ ಸಿಡುಬಿಗೂ ಮಾರಿಗೂ ಜನ ನಂಟು ಕಲ್ಪಿಸಿದ್ದರು. ಸಿಡುಬು ಎದ್ದವನನ್ನು ಕಂಡು 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಮನೆಗೆ ಬಂದ ತಾಯಿಯನ್ನು ಸೂಜಿಯಿಂದ ಎದುರಿಸುವುದು ಸಲ್ಲದೆಂದು ಹಲವರು ಲಸಿಕೆಗೆ ಹಿಂಜರಿದರು. ಇದನ್ನು ಮೌಢ್ಯವೆಂದು ಜರೆಯುವುದು ಸುಲಭ. ಆದರೆ ಯಾವ ಔಷಧವೂ ಇಲ್ಲದ ರೋಗದೆದುರು, ಮಡಿಲಲ್ಲಿ ನರಳುವ ಮಗುವನ್ನಿಟ್ಟುಕೊಂಡು ಕುಳಿತ ತಾಯಿಗೆ ಆ ನಂಬಿಕೆಯೊಂದೇ ಆಸರೆಯಾಗಿತ್ತೆಂಬುದನ್ನು ಮರೆಯಬಾರದು. ಆ ಆಸರೆಯನ್ನು ಕಿತ್ತುಕೊಳ್ಳಲು ಬಂದವನ ಮಾತನ್ನು ಅವಳು ಹೇಗೆ ಕೇಳಿಯಾಳು?

ಜಾಣರಾದವರು ಬೇರೆ ದಾರಿ ಹಿಡಿದರು. ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಅದು ಭಾರತವನ್ನು ಮುಟ್ಟಿದ್ದು 1802ರಲ್ಲಿ. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರಲ್ಲಿ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಅವರಲ್ಲೊಬ್ಬಳು ಸೆರಗನ್ನು ತುಸು ಸರಿಸಿ ತನ್ನ ತೋಳನ್ನು ತೋರಿಸುವ ಭಂಗಿಯಲ್ಲಿ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಹರೆಯದ ರಾಣಿ ದೇವಾಜಮ್ಮಣ್ಣಿಯೆಂದೂ, ಆಕೆ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತಾಣವನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಪರಸ್ಥಳದ ವೈದ್ಯನ ನೂರು ಮಾತುಗಳಿಗಿಂತ ಅರಮನೆಯ ಹೆಣ್ಣುಮಗಳ ಒಂದು ತೋಳು ಹೆಚ್ಚನ್ನು ಹೇಳಬಲ್ಲದೆಂಬುದನ್ನು ಅಂದಿನವರು ಬಲ್ಲವರಾಗಿದ್ದರು. ಯಾರು ಹೇಳುತ್ತಾರೆಂಬುದರ ಮೇಲೆ ಮಾತಿನ ಬೆಲೆ ನಿಲ್ಲುತ್ತದೆ.

1970ರ ದಶಕದಲ್ಲಿ ಸಿಡುಬನ್ನು ಬೇರುಸಹಿತ ಕೀಳಲು ಹೊರಟ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿರುವ ಕಾರ್ಡುಗಳನ್ನು ಹಿಡಿದು ಮನೆಮನೆಗೆ ನಡೆದರು. ಸಂತೆಗಳಲ್ಲಿ ವಿಚಾರಿಸಿದರು; ಶಾಲೆಗಳಿಗೂ ಹೋಗಿ 'ಇಂತಹವರನ್ನು ಎಲ್ಲಾದರೂ ಕಂಡಿದ್ದೀರಾ?' ಎಂದು ಮಕ್ಕಳನ್ನು ಕೇಳಿದರು. ಹಿರಿಯರು ಮುಚ್ಚಿಟ್ಟುದನ್ನು ಮಕ್ಕಳು ನಿಸ್ಸಂಕೋಚವಾಗಿ ತಿಳಿಸುತ್ತಿದ್ದರು. ರೋಗ ಕಂಡ ಮನೆಯ ಸುತ್ತಲಿನವರಿಗೆಲ್ಲ ಕೂಡಲೇ ಲಸಿಕೆ ಹಾಕಲಾಯಿತು. ಭಾರತದಲ್ಲಿ ಕೊನೆಯ ಸಿಡುಬು ಕಾಣಿಸಿಕೊಂಡದ್ದು 1975ರ ಮೇ ತಿಂಗಳಲ್ಲಿ. ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು 1980ರ ಮೇ 8ರಂದು ಸಾರಲಾಯಿತು. ಕಾಪುವಿನ ಮಾರಿಪೂಜೆ ಇಂದಿಗೂ ನಡೆಯುತ್ತಿದೆ. ಸಿಡುಬು ಮಾತ್ರ ಇಲ್ಲ. ದೇವಿಯ ಪೂಜೆಯನ್ನು ಬಿಡಿಸದೆಯೇ ರೋಗವನ್ನು ಬಿಡಿಸಲು ಸಾಧ್ಯವಾಯಿತೆಂಬುದು ಸಣ್ಣ ಪಾಠವಲ್ಲ.

ಒಳ್ಳೆಯ ಮಾತಿನ ಜೊತೆಗೆ ಅದರಂತೆ ನಡೆಯುವ ಅನುಕೂಲವೂ ಬರಬೇಕು. ಇದಕ್ಕೆ ಉಡುಪಿಯಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಮಣಿಪಾಲದ ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈಯವರು ತಮ್ಮ ಸಂಗಡಿಗರೊಡನೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ 'ಪಿಗ್ಮಿ' ಎಂಬ ಠೇವಣಿಯನ್ನು ಆರಂಭಿಸಿತು. ಉಳಿತಾಯ ಮಾಡಿರೆಂದು ಬಡವರಿಗೆ ಉಪದೇಶಿಸುವ ಬದಲು, ಬ್ಯಾಂಕಿನ ಪ್ರತಿನಿಧಿಯೇ ದಿನವೂ ಅವರ ಮನೆ ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯನ್ನು ಪಡೆದು ಬರೆದುಕೊಳ್ಳುವ ಏರ್ಪಾಡು ಅದು. ದಿನವೂ ಬರುವ ಪರಿಚಿತ ಮುಖ, ಕೈಗೆಟಕುವ ಸಣ್ಣ ಮೊತ್ತ, ನೆರೆಮನೆಯವರೂ ಕೊಡುತ್ತಿರುವರೆಂಬ ಅರಿವು ಇವು ಮೂರೂ ಸೇರಿ ಉಳಿತಾಯವನ್ನು ರೂಢಿಯನ್ನಾಗಿಸಿದವು. ಆರೋಗ್ಯದ ಮಾತಿಗೂ ಇದೇ ನ್ಯಾಯ. ಸಾಬೂನಿಲ್ಲದ ಮನೆಯಲ್ಲಿ ಕೈತೊಳೆಯುವ ಉಪದೇಶವೂ, ನೀರಿಲ್ಲದ ಶೌಚಾಲಯದ ಗೋಡೆಯ ಮೇಲಿನ ಘೋಷಣೆಯೂ ಹಾಸ್ಯಾಸ್ಪದವಾಗುತ್ತವೆ.

ಹೇಳುವವನಿಗೇ ತನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನೆರೆಯ ಬಾಂಗ್ಲಾದೇಶದ ಅನುಭವವೊಂದು ಸಾಕ್ಷಿ. ಭೇದಿಯಿಂದ ಮೈಯ ನೀರೆಲ್ಲ ಬತ್ತಿ ಅಲ್ಲಿ ಅಸಂಖ್ಯ ಮಕ್ಕಳು ಸಾಯುತ್ತಿದ್ದರು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಇಷ್ಟನ್ನು ಬೆರೆಸಿ ಕುಡಿಸಿದರೆ ಮಗು ಬದುಕೀತು. ಬ್ರ್ಯಾಕ್ ಎಂಬ ಸಂಸ್ಥೆಯ ಮಹಿಳೆಯರು 1980ರಿಂದ 1990ರ ವರೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿ ಇದನ್ನು ತಾಯಂದಿರಿಗೆ ಕಲಿಸಿದರು. ಅವರು ಭಾಷಣ ಮಾಡಲಿಲ್ಲ. ತಾಯಿಯ ಕೈಯಿಂದಲೇ ಬೆರೆಸಿ ಕಲಿಸಿದರು. ಎಷ್ಟು ಮನೆಗಳಿಗೆ ಹೋದರೆಂಬುದನ್ನಲ್ಲ, ತಾಯಂದಿರು ಎಷ್ಟು ಚೆನ್ನಾಗಿ ಕಲಿತರೆಂಬುದನ್ನು ಪರೀಕ್ಷಿಸಿ ಅವರಿಗೆ ಸಂಬಳ ಕೊಡಲಾಗುತ್ತಿತ್ತು. ಆದರೂ ಮೊದಮೊದಲು ಕಲಿತವರಲ್ಲಿ ಕೆಲವರು ಮಾತ್ರ ಅದನ್ನು ಬಳಸಿದರು. ಕಾರಣ ಹುಡುಕಿದಾಗ, ಕಲಿಸುವವರಲ್ಲೇ ಹಲವರು ತಮಗೆ ಭೇದಿಯಾದಾಗ ಆ ನೀರನ್ನು ಕುಡಿಯುತ್ತಿರಲಿಲ್ಲವೆಂದು ತಿಳಿದುಬಂದಿತು. ಮನೆಯ ಗಂಡಸರನ್ನು ಯಾರೂ ಮಾತನಾಡಿಸಿರಲಿಲ್ಲವೆಂಬುದೂ ಗೊತ್ತಾಯಿತು. ಸಂಸ್ಥೆಯು ಜನರನ್ನು ದೂರಲಿಲ್ಲ; ತನ್ನ ಬೋಧನೆಯನ್ನೇ ತಿದ್ದಿಕೊಂಡಿತು. ಹೇಳುವುದರಷ್ಟೇ ಕೇಳುವುದೂ ಸಂವಹನದ ಅಂಗವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ತಾಳ್ಮೆ ಏಕೆ, ಕಾನೂನು ಮಾಡಿ ದಂಡ ವಿಧಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಕಾನೂನಿಗೆ ತನ್ನದೇ ಆದ ಸ್ಥಾನವಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ನಿಯಮಗಳು ಬಸ್ಸಿನಲ್ಲಿ ಕುಳಿತ ಮಕ್ಕಳ ಉಸಿರನ್ನು ಕಾಪಾಡಿವೆ. ಆದರೆ ಅಂಜಿಕೆಯೊಂದನ್ನೇ ನೆಚ್ಚಿದರೆ ಅದು ತಿರುಗುಬಾಣವಾಗುತ್ತದೆ. ಸಿಡುಬಿನ ಆಂದೋಲನದಲ್ಲಿಯೇ ಬಲಾತ್ಕಾರದಿಂದ ಲಸಿಕೆ ಚುಚ್ಚಿದ ಪ್ರಸಂಗಗಳಿದ್ದವು. ಅವು ಉಳಿಸಿಹೋದುದು ಕಹಿಯನ್ನು. ಕುಷ್ಠರೋಗದ ಕಥೆ ಇನ್ನೂ ದಾರುಣವಾದುದು. ಅದನ್ನು ಗುಣಪಡಿಸುವ ಬಹುಔಷಧ ಚಿಕಿತ್ಸೆ 1982ರಿಂದ ಬಳಕೆಯಲ್ಲಿದೆ; ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ಆದರೂ ತಲೆಮಾರುಗಳಿಂದ ಬಂದ ಭಯ ಮತ್ತು ಅವಮಾನಕ್ಕೆ ಅಂಜಿ, ಮೈಮೇಲಿನ ಮಚ್ಚೆಯನ್ನು ಮರೆಮಾಚಿ, ಬೆರಳು ಸೊಟ್ಟಗಾಗುವ ವರೆಗೆ ವೈದ್ಯರ ಬಳಿಗೆ ಹೋಗದವರಿದ್ದಾರೆ. ನಾಚಿಕೆ ರೋಗವನ್ನು ಓಡಿಸುವುದಿಲ್ಲ; ರೋಗಿಯನ್ನು ಓಡಿಸುತ್ತದೆ.

ನಾಚಿಕೆಯ ಇಂತಹದೇ ಮೌನವೊಂದು ಇಂದಿಗೂ ಅನೇಕ ಮನೆಗಳಲ್ಲಿದೆ. ಹುಡುಗಿಯೊಬ್ಬಳು ಮೊದಲ ಬಾರಿಗೆ ಮುಟ್ಟಾದಾಗ ಅದು ಏನೆಂದು ಅವಳಿಗೆ ಯಾರೂ ಮುಂಚಿತವಾಗಿ ತಿಳಿಸಿರುವುದಿಲ್ಲ. ಗಾಯವೋ, ರೋಗವೋ ಎಂದು ಅವಳು ಅಂಜುತ್ತಾಳೆ. ಬಟ್ಟೆಯನ್ನು ಬಿಸಿಲಿಗೆ ಒಣಹಾಕಲು ನಾಚಿ ಕತ್ತಲ ಮೂಲೆಯಲ್ಲಿ ಒಣಗಿಸುತ್ತಾಳೆ, ಸೋಂಕಿಗೆ ಈಡಾಗುತ್ತಾಳೆ, ಕೆಲವು ದಿನ ಶಾಲೆಯನ್ನೂ ತಪ್ಪಿಸುತ್ತಾಳೆ. ಕರ್ನಾಟಕ ಸರಕಾರವು 2013-14ರಲ್ಲಿ 'ಶುಚಿ' ಯೋಜನೆಯನ್ನು ಆರಂಭಿಸಿ ಹದಿಹರೆಯದ ಹುಡುಗಿಯರಿಗೆ ಉಚಿತವಾಗಿ ಪ್ಯಾಡುಗಳನ್ನು ಹಂಚಿತು. ಅದು ಬೇಕಾದ ಅನುಕೂಲವೇ ಸರಿ. ಆದರೆ ಅನುಕೂಲದೊಡನೆ ಮಾತೂ ಬರಬೇಕಲ್ಲವೆ? ಹಂಚಿದ ಪೊಟ್ಟಣವನ್ನು ತಲೆತಗ್ಗಿಸಿ ಸೆರಗಿನಡಿಯಲ್ಲಿ ಅಡಗಿಸಿ ಒಯ್ಯುವಂತಾದರೆ ಅರ್ಧ ಕೆಲಸವಷ್ಟೇ ಆದಂತೆ.

ಆ ಮಾತನ್ನು ಎಲ್ಲಿಂದ ತರಬೇಕು? ತುಳುನಾಡಿನಲ್ಲಿ ಅದಕ್ಕೆ ಬೇಕಾದ ಬೀಜ ಆಗಲೇ ಇದೆ. ಪ್ರತಿವರ್ಷ ಫೆಬ್ರವರಿಯ ಸುಮಾರಿಗೆ, ಪುಯಿಂತೆಲ್ ತಿಂಗಳ ಕೊನೆಯಲ್ಲಿ, ಇಲ್ಲಿನ ರೈತರು 'ಕೆಡ್ಡಸ'ವನ್ನು ಆಚರಿಸುತ್ತಾರೆ. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿರುವಳೆಂದು ನಂಬಿ ಯಾರೂ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಮನೆಯ ಹೆಂಗಸರು ಅವಳಿಗೆ ಎಣ್ಣೆ, ಅರಿಶಿನ, ಕುಂಕುಮಗಳನ್ನು ಅರ್ಪಿಸುತ್ತಾರೆ. ಭೂಮಿಯ ಮುಟ್ಟನ್ನು ಫಲವಂತಿಕೆಯ ಕುರುಹೆಂದು ಗೌರವಿಸಿ ಅವಳಿಗೆ ವಿಶ್ರಾಂತಿ ನೀಡುವ ಜನ, ಮನೆಮಗಳ ಮುಟ್ಟನ್ನು ಮೈಲಿಗೆಯೆಂದು ಮೂಲೆಗೆ ತಳ್ಳುವುದು ಯಾವ ನ್ಯಾಯ? ಕೆಡ್ಡಸದ ದಿನ ಅಜ್ಜಿಯೊಬ್ಬಳು ಅಂಗಳದಲ್ಲಿ ಎಣ್ಣೆ ಬಿಡುತ್ತ ಮೊಮ್ಮಗಳಿಗೆ ಈ ವಿಷಯವನ್ನು ಮುಕ್ತವಾಗಿ ಹೇಳಿದರೆ, ಅದನ್ನು ಮೊಮ್ಮಗನೂ ಪಕ್ಕದಲ್ಲಿ ನಿಂತು ಕೇಳಿದರೆ, ಹತ್ತು ಫಲಕಗಳು ಮಾಡದ ಕೆಲಸ ಆ ಒಂದು ಮುಂಜಾವಿನಲ್ಲಿ ಆದೀತು. ತನ್ನ ತಂಗಿಯ ಸಂಕಟವನ್ನು ಅರಿತ ಹುಡುಗನು ತರಗತಿಯಲ್ಲಿ ಯಾರನ್ನೂ ನೋಡಿ ನಗಲಾರನು. ರೂಢಿ ಬದಲಾಗುವುದೆಂದರೆ ಇದೇ.

ಇಷ್ಟರಿಂದ ಒಂದು ಮಾತು ಸಿದ್ಧವಾಗುತ್ತದೆ. ಜನರ ನಡೆಯನ್ನು ತಿದ್ದಬಯಸುವವನು ಮೊದಲು ಅವರನ್ನು ಗೌರವಿಸಬೇಕು. ಅವರು ನಂಬುವವರ ಬಾಯಿಂದ, ಅವರದೇ ನುಡಿಯಲ್ಲಿ ಮಾತನಾಡಬೇಕು. ಹೇಳಿದುದನ್ನು ಮಾಡಲು ಬೇಕಾದ ಅನುಕೂಲವನ್ನು ಒದಗಿಸಬೇಕು. ತಾನು ಮೊದಲು ಹಾಗೆ ನಡೆದು ತೋರಿಸಬೇಕು. ಮಾತು ಫಲಿಸದಿದ್ದರೆ ಕೇಳುಗರನ್ನು ದೂರದೆ ತನ್ನ ಮಾತನ್ನು ತಿದ್ದಿಕೊಳ್ಳಬೇಕು. ಮಾತಿನ ಈ ಶಕ್ತಿಯನ್ನು ಗುಟ್ಕಾ ಮಾರುವವನೂ ಬಲ್ಲನೆಂಬ ಎಚ್ಚರವೂ ಇರಬೇಕು. ಆದುದರಿಂದ ಎಲ್ಲಕ್ಕಿಂತ ಮಿಗಿಲಾಗಿ ಆ ಮಾತು ಸತ್ಯವಾಗಿರಬೇಕು.

ಪಡುಬಿದ್ರಿಯ ಬನಕ್ಕೆ ಫಲಕದ ಹಂಗಿಲ್ಲದಂತೆ ಮಾಡಿದವರು ಯಾವುದೋ ಕಾಲದ ಹಿರಿಯರು. ಅವರು ಅದನ್ನು ಒಂದೇ ದಿನದಲ್ಲಿ ಸಾಧಿಸಲಿಲ್ಲ. ಮಕ್ಕಳ ಕೈಹಿಡಿದು ಕರೆದೊಯ್ದು, ತಾವು ನಡೆದು ತೋರಿಸಿ, ಮತ್ತೆ ಮತ್ತೆ ಹೇಳಿ ಬೆಳೆಸಿದ ಕಟ್ಟಳೆ ಅದು. ಕಡಲ ಕಿನಾರೆಯ ಮರಳಿಗೂ, ಕುಡಿಯುವ ನೀರಿನ ಬಾವಿಗೂ, ತರಗತಿಯಲ್ಲಿ ತಲೆಯೆತ್ತಿ ಕುಳಿತುಕೊಳ್ಳಬೇಕಾದ ಹುಡುಗಿಗೂ ಅಂತಹ ಕಟ್ಟಳೆಯೊಂದು ಬೇಕಾಗಿದೆ. ಸಿಡುಬಿನ ಸುಳಿವನ್ನು ನಿಸ್ಸಂಕೋಚವಾಗಿ ತಿಳಿಸಿ ಆ ಮಹಾರೋಗವನ್ನು ಓಡಿಸಲು ನೆರವಾದವರು ಶಾಲೆಯ ಮಕ್ಕಳು. ಇಂದಿನ ವಿದ್ಯಾರ್ಥಿಗಳಿಗೂ ಆ ನಿಸ್ಸಂಕೋಚದ ಮಾತು ಸಾಧ್ಯ. ಅದು ಅವರ ಮನೆಯಂಗಳದಿಂದಲೇ ಆರಂಭವಾಗಲಿ.